ಕಡಲ ಬದಿ ಅಂದ್ಮೇಲೆ ನುಸಿ ಇರೂದೇಯ? ಕರಾವಳಿಯ ಹೋಂಸ್ಟೇಯವರಿಗೆ ಒಂದು ಬಹಿರಂಗ ಪತ್ರ

ಕರಾವಳಿಯಲ್ಲಿ ಹೋಂಸ್ಟೇ, ಲಾಡ್ಜ್, ರೆಸಾರ್ಟ್ ನಡೆಸುವ ಎಲ್ಲರಿಗೂ, ಅಲ್ಲಿನ ಗ್ರಾಮ ಪಂಚಾಯಿತಿಯವರಿಗೂ ನಮಸ್ಕಾರ.

ನಾನು ಹಾವೇರಿ ಕಡೆಯವಳು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಜ್ವರ ಅಂತ ಬಂದವರ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ಹುಡುಕುವುದು ನನ್ನ ಕೆಲಸ. ಹಾಗಾಗಿ ಸೊಳ್ಳೆಗೂ ನನಗೂ ಹಳೇ ನಂಟು. ಆದರೆ ಈ ಪತ್ರ ಇಲಾಖೆಯ ಪರವಾಗಿ ಬರೆಯುತ್ತಿಲ್ಲ. ದಸರಾ ರಜೆಗೆ ಘಟ್ಟ ಇಳಿದು ಬಂದು, ನಿಮ್ಮಲ್ಲೊಬ್ಬರ ಮನೆಯಲ್ಲಿ ಮೂರು ರಾತ್ರಿ ಉಳಿದು, ಮೈಯೆಲ್ಲಾ ದದ್ದು ಎಬ್ಬಿಸಿಕೊಂಡು ವಾಪಸ್ ಹೋದ ನೆಂಟಳಾಗಿ ಬರೆಯುತ್ತಿದ್ದೇನೆ. ಮನೆಯ ಹೆಸರು ಬೇಡ, ಊರಿನ ಹೆಸರೂ ಬೇಡ. ಅಘನಾಶಿನಿ ಕಡಲು ಸೇರುವ ಕಡೆ ಎಲ್ಲೋ ಒಂದು ಹಳ್ಳಿ ಅಂದುಕೊಳ್ಳಿ. ಆ ಮನೆಯವರು ಒಳ್ಳೆಯವರು. ಮೀನು ಸಾರು ಮಾಡಿ ಹಾಕಿದ ಕೈಯನ್ನು ಬೈಯೋಕೆ ಮನಸ್ಸು ಬರಲ್ಲ. ಆದರೂ ಹೇಳಬೇಕಾದ್ದು ಇದೆ.

ನಮ್ಮ ಕಡೆ ಗುಂಗಾಡಿ ಅಂತೀವಿ, ನೀವು ನುಸಿ ಅಂತೀರಿ. ತುಳುವಿನಲ್ಲಿ ಉಮಿಲ್, ಕೊಂಕಣಿಯಲ್ಲಿ ಜಳಾರ್. ಹೆಸರು ಯಾವುದಾದರೂ ಕಿವಿ ಹತ್ತಿರ ಹಾಡುವುದು ಒಂದೇ ರಾಗ.

ಮೊದಲ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು. ಫ್ಯಾನ್ ನಿಂತ ಎರಡೇ ನಿಮಿಷಕ್ಕೆ ಆ ರಾಗ ಶುರುವಾಯಿತು. ಕೋಣೆಯಲ್ಲಿ ಸೊಳ್ಳೆ ಪರದೆ ಇರಲಿಲ್ಲ. ಕಿಟಕಿಗೆ ಜಾಲರಿ ಇತ್ತು, ಆದರೆ ಒಂದು ಮೂಲೆಯಲ್ಲಿ ಕೈ ತೂರುವಷ್ಟು ಹರಿದಿತ್ತು. ಮೇಜಿನ ಮೇಲೆ ಒಂದು ಸೊಳ್ಳೆ ಕಾಯಿಲ್, ಒಂದು ಬೆಂಕಿಪೊಟ್ಟಣ. ನಾನು, ನಮ್ಮ ಯಜಮಾನರು, ಮಗಳು, ನನ್ನ ತಂಗಿ, ಅವಳ ಒಂಬತ್ತು ವರ್ಷದ ಮಗ, ಐದು ಜನ ಎರಡು ಕೋಣೆಯಲ್ಲಿ. ಕಾಯಿಲ್ ಹಚ್ಚಿದರೆ ತಂಗಿಗೆ ಕೆಮ್ಮು, ಆರಿಸಿದರೆ ಎಲ್ಲರಿಗೂ ಕಡಿತ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸಣ್ಣ ಹೊಗೆಕಣ ಬರುತ್ತದೆ ಎಂದು 2003ರ ಒಂದು ಅಧ್ಯಯನ ಹೇಳಿದೆ. ಅದನ್ನು ಮಕ್ಕಳ ಮಂಚದ ಕೆಳಗೆ ಇಟ್ಟು ಬಾಗಿಲು ಹಾಕಿಕೊಂಡು ಮಲಗುವುದು ನಮ್ಮ ಅಭ್ಯಾಸ. ನಾನೂ ಅವತ್ತು ಅದನ್ನೇ ಮಾಡಿದೆ. ಸುಮ್ನೆ ಸುಳ್ಳು ಯಾಕೆ ಹೇಳಲಿ?

ಬೆಳಿಗ್ಗೆ ಆರಕ್ಕೆ ಎದ್ದು ಹಿತ್ತಿಲಿಗೆ ಹೋದೆ. ಚೆಂದದ ಹಿತ್ತಿಲು. ತೆಂಗಿನ ಮರ, ಬಾವಿಕಟ್ಟೆ, ನಾಲ್ಕು ಅಡಿಕೆ ಮರ, ಒಂದು ಮೂಲೆಯಲ್ಲಿ ಬೋಟಿನ ಹಳೇ ಟೈರು. ಬಾವಿಯ ಪಕ್ಕ ಎಳನೀರು ಬುರುಡೆಯ ರಾಶಿ. ನಮ್ಮಂಥ ನೆಂಟರು ಕುಡಿದು ಬಿಟ್ಟಿದ್ದೇ ಅವೆಲ್ಲಾ, ಕಡಿಮೆ ಅಂದರೂ ನಲವತ್ತು ಇದ್ದವು. ಹಿಂದಿನ ವಾರ ಗುಡುಗು ಮಳೆ ಸುರಿದಿತ್ತಂತೆ. ಒಂದು ಬುರುಡೆ ಎತ್ತಿ ಮೊಬೈಲ್ ಟಾರ್ಚು ಬಿಟ್ಟೆ. ಒಳಗೆ ಮೂರು ಬೆರಳಷ್ಟು ಕಂದು ನೀರು. ಬೆಳಕು ಬಿದ್ದ ಕೂಡಲೇ ನೀರೆಲ್ಲಾ ಒಮ್ಮೆಗೇ ಕೊಂಕಿತು. ಅಕ್ಷರದ ಕೊಂಬಿನ ಹಾಗೆ ಬಾಗಿದ ಸಣ್ಣ ಹುಳಗಳು ಕೆಳಕ್ಕೆ ಓಡಿದವು. ಅರ್ಧ ನಿಮಿಷ ಅಲ್ಲಾಡಿಸದೆ ಹಿಡಿದುಕೊಂಡೆ. ಒಂದೊಂದಾಗಿ ಮೇಲೆ ಬಂದು, ಬಾಲವನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ ಜೋತುಬಿದ್ದವು. ಆ ಬಾಲದ ತುದಿಯಲ್ಲೇ ಅವುಗಳ ಉಸಿರು. ಇಪ್ಪತ್ತೆಂಟರ ತನಕ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಕೆಲವು ಆಗಲೇ ಅಲ್ಪವಿರಾಮದ ಹಾಗೆ ಗುಂಡಗಾಗಿದ್ದವು. ಅಂದರೆ ಇನ್ನು ಎರಡು ದಿನದಲ್ಲಿ ಹಾರುವಂಥವು.

ಮನೆಯೊಡತಿ ನೀರು ಸೇದಲು ಬಂದರು. ತೋರಿಸಿದೆ. ಅವರು ನಕ್ಕರು. "ಕಡಲ ಬದಿ ಅಂದ್ಮೇಲೆ ನುಸಿ ಇರೂದೇಯ ಅಕ್ಕ" ಅಂದರು.

ಈ ಮಾತಿಗೆ ಉತ್ತರ ಕೊಡಲೆಂದೇ ಈ ಪತ್ರ.

ನೋಡಿ, ಅಲೆ ಬಡಿಯುವ ಕಡಲಿನಲ್ಲಿ ಯಾವ ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ನಿಂತ ಚೌಳು ನೀರಿನಲ್ಲಿ ಹುಟ್ಟುವ ಕೆಲವು ಜಾತಿ ಇವೆ, ಇಲ್ಲ ಅನ್ನಲ್ಲ. ಆದರೆ ಹಗಲಲ್ಲಿ ಕಾಲಿಗೆ ಕಚ್ಚುವ, ಕಪ್ಪು ಮೈಗೆ ಬಿಳಿ ಪಟ್ಟೆ ಇರುವ ಸೊಳ್ಳೆ ಇದೆಯಲ್ಲ, ಡೆಂಗಿ ಹರಡುವ ಈಡಿಸ್, ಅದಕ್ಕೆ ಬೇಕಾಗಿರುವುದು ಕಡಲಲ್ಲ, ಒಂದು ಬುರುಡೆ ನೀರು. ಅದು ಜಾಸ್ತಿ ದೂರ ಹಾರುವುದೂ ಇಲ್ಲ. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಅದರ ಸಂಸಾರ. ಮೊಟ್ಟೆಯಿಂದ ರೆಕ್ಕೆ ಬರುವ ತನಕ ನಿಮ್ಮ ಕಡೆಯ ಸೆಕೆಗೆ ಏಳೆಂಟು ದಿನ ಸಾಕು. ಅಂದರೆ ನನ್ನ ಮಗಳ ಕಾಲಿಗೆ ಕಚ್ಚಿದ್ದು ಬಹುಶಃ ಅದೇ ಹಿತ್ತಿಲಲ್ಲಿ, ಹಿಂದಿನ ವಾರ ಯಾರೋ ಕುಡಿದು ಎಸೆದ ಎಳನೀರಿನಲ್ಲಿ ಹುಟ್ಟಿದ್ದು. ಸಮುದ್ರದ ಮೇಲೆ ಸುಮ್ನೆ ಅಪವಾದ.

ರಾತ್ರಿ ಹಾಡಿದ್ದು ಬೇರೆ ಜಾತಿ. ಕಂದು ಬಣ್ಣ, ಗೋಡೆ ಮೇಲೆ ಗೂನು ಬೆನ್ನು ಮಾಡಿಕೊಂಡು ಕೂರುತ್ತದೆ. ಕ್ಯೂಲೆಕ್ಸ್. ಆನೆಕಾಲು ರೋಗ ಹರಡುವುದು ಇದೇ. ಇದಕ್ಕೆ ಕೊಳಕು ನೀರು ಇಷ್ಟ. ಅದನ್ನು ಹುಡುಕಿಕೊಂಡು ಹೋದರೆ ಬಚ್ಚಲ ನೀರು ನಿಲ್ಲುವ ಗುಂಡಿ, ಅದರಾಚೆ ಪಾಯಿಖಾನೆ ಗುಂಡಿಯ ಗಾಳಿ ಪೈಪು. ಪೈಪಿನ ಬಾಯಿ ತೆರೆದೇ ಇತ್ತು. ಸಂಜೆ ಹೊತ್ತು ಅದರ ಹತ್ತಿರ ನಿಂತು ನೋಡಿ, ಹೊಗೆ ಬಂದ ಹಾಗೆ ಎದ್ದು ಬರುತ್ತವೆ. ಒಂದು ಹಳೇ ಸೊಳ್ಳೆ ಪರದೆ ತುಂಡು, ಒಂದು ಸುತ್ತು ದಾರ, ಅಷ್ಟರಲ್ಲಿ ಮುಗಿಯುವ ಕೆಲಸ. ನೀವು ನೆಂಟರ ಕೋಣೆಗೆ ಎಸಿ ಹಾಕಿಸುತ್ತೀರಿ, ಟಿವಿ ಹಾಕಿಸುತ್ತೀರಿ. ಈ ಪೈಪಿಗೆ ಬಟ್ಟೆ ಕಟ್ಟಿದ ಹೋಂಸ್ಟೇ ನಾನಂತೂ ಇವತ್ತಿನ ತನಕ ನೋಡಿಲ್ಲ.

"ಇರೂದೇಯ" ಅನ್ನುವ ಮಾತು ನಿಮ್ಮೊಬ್ಬರದ್ದೇ ಅಲ್ಲ ಬಿಡಿ, ಅದಕ್ಕೆ ದೊಡ್ಡ ಇತಿಹಾಸವೇ ಇದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಸೇನಾ ಡಾಕ್ಟರು ಬೆಂಗಳೂರಿನಲ್ಲಿದ್ದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿ ಆಚೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಹುಳ ಕಂಡಿತು. ತೊಟ್ಟಿ ಕವುಚಿದರು, ಸೊಳ್ಳೆ ಕಮ್ಮಿಯಾಯಿತು. ಖುಷಿಯಾಗಿ ಹೋಗಿ, ಮೆಸ್ಸಿನಲ್ಲೂ ಹೀಗೇ ಮಾಡೋಣ, ಅಲ್ಲಿ ಹೂದಾನಿಯಲ್ಲೂ ಹುಳ ಇದೆ ಅಂತ ಅಲ್ಲಿನ ಅಧಿಕಾರಿಗೆ ಹೇಳಿದರು. ಆತ ಒಪ್ಪಲಿಲ್ಲ. ಸೊಳ್ಳೆ ಹುಟ್ಟಿರುವುದೂ ಏನೋ ಒಂದು ಉದ್ದೇಶಕ್ಕೆ, ಸಹಿಸಿಕೊಳ್ಳುವುದು ನಮ್ಮ ಧರ್ಮ ಅನ್ನುವುದು ಆತನ ವಾದ. ಹದಿನಾಲ್ಕು ವರ್ಷ ಆದಮೇಲೆ, 1897ರ ಆಗಸ್ಟ್ 20ರಂದು, ಅದೇ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಆ ಅಧಿಕಾರಿ ಏನಾದನೋ. ಅವನ ಮಾತು ಮಾತ್ರ ಇನ್ನೂ ಬಾವಿಕಟ್ಟೆ ಪಕ್ಕ ಓಡಾಡಿಕೊಂಡಿದೆ.

ಮಂಗಳೂರಿನ ಕಡೆ ನೋಡಿ. ಅಲ್ಲಿ ಮಲೇರಿಯಾ ಮತ್ತೆ ತಲೆ ಎತ್ತಿದ್ದು 1990ರ ದಶಕದಲ್ಲಿ, ಎತ್ತರದ ಕಟ್ಟಡಗಳು ಏಳತೊಡಗಿದಾಗ. ಕಾಂಕ್ರೀಟು ಒಣಗದಿರಲಿ ಅಂತ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಟ್ಯಾಂಕಿ, ಅದರಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ. ಎಷ್ಟೋ ವರ್ಷ ರಾಜ್ಯದ ಮಲೇರಿಯಾದಲ್ಲಿ ದೊಡ್ಡ ಪಾಲು ಅದೊಂದೇ ಊರಿನದ್ದು. ಕಡಲು ಅದಕ್ಕಿಂತ ಮುಂಚೆಯೂ ಅಲ್ಲೇ ಇತ್ತಲ್ವಾ?

ಹಾಗಂತ ಕಚ್ಚುವ ಎಲ್ಲದಕ್ಕೂ ನಿಮ್ಮನ್ನೇ ಹೊಣೆ ಮಾಡಿದರೆ ನನ್ನದೇ ತಪ್ಪಾಗುತ್ತದೆ.

ಎರಡನೇ ದಿನ ಸಂಜೆ ಅಳಿವೆ ಕಡೆ ನಡೆದುಕೊಂಡು ಹೋದೆವು. ಒಂದು ಕಡೆ ಅಳಿವೆಯ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಇನ್ನೊಂದು ಕಡೆ ಗಜನಿ ಅನ್ನುವ ಚೌಳು ಗದ್ದೆ, ಅದರಲ್ಲಿ ತಲೆ ಬಾಗಿಸಿದ, ಉಪ್ಪು ತಾಳುವ ಕಗ್ಗ ಭತ್ತ. ನೀರು ಇಳಿದಿತ್ತು. ಸೊಂಟಮಟ್ಟ ನೀರಲ್ಲಿ ಹೆಂಗಸರು ಬಳಚು ಅನ್ನುವ ಚಿಪ್ಪುಮೀನು ಆಯುತ್ತಿದ್ದರು. ಗಾಳಿ ಪೂರ್ತಿ ನಿಂತಿತ್ತು. ಹತ್ತು ನಿಮಿಷ ನಿಂತು ಫೋಟೊ ತೆಗೆದಿದ್ದಷ್ಟೆ, ಕಾಲಿಗೆ ಕಿಡಿ ಸಿಡಿದ ಹಾಗಾಯಿತು. ನೋಡಿದರೆ ಏನೂ ಕಾಣಲ್ಲ. ಕನ್ನಡಕ ಒರೆಸಿ ಬಗ್ಗಿ ನೋಡಿದ ಮೇಲೆ ಗೊತ್ತಾಯಿತು, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಎಣ್ಣೆ ಹಚ್ಚಿಕೊಂಡಿದ್ದ ತಂಗಿಯ ಕಾಲಿಗೆ ನಾಲ್ಕೈದು ಅಂಟಿಕೊಂಡು ಸತ್ತಿದ್ದವು. ಅಲ್ಲಿದ್ದ ಅಜ್ಜಿಯೊಬ್ಬರು "ನೊರಜು" ಅಂದರು. ಇದು ಸೊಳ್ಳೆಯಲ್ಲ. ಮಣ್ಣು, ಕೆಸರು, ಕಾಂಡ್ಲಾ ಬೇರಿನ ಸಂದಿಯಲ್ಲಿ ಬೆಳೆಯುವ, ಕಚ್ಚುವ ನೊರಜು. ಮುಂಜಾನೆ ಮತ್ತು ಮುಸ್ಸಂಜೆ, ಗಾಳಿ ಸತ್ತ ಹೊತ್ತಲ್ಲಿ ಏಳುತ್ತದೆ. ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲಿ ಆರಾಮಾಗಿ ತೂರುತ್ತದೆ. ಕಚ್ಚಿದಾಗ ಚುರ್ ಅನ್ನುವುದು ಒಂದು ಕ್ಷಣ, ಆಮೇಲೆ ಕೆರೆತ ವಾರಗಟ್ಟಲೆ.

ಈ ನೊರಜನ್ನು ಕೊಲ್ಲಿ ಅಂತ ನಾನು ಕೇಳಲ್ಲ. ಅದನ್ನು ಕೊಲ್ಲಬೇಕಾದರೆ ಕಾಂಡ್ಲಾ ಕಡಿಯಬೇಕು, ಕೆಸರಿಗೆ ಔಷಧಿ ಸುರಿಯಬೇಕು. ಆಮೇಲೆ ಬಳಚೂ ಇಲ್ಲ, ಮೀನೂ ಇಲ್ಲ, ನಾವು ಬರುವುದಕ್ಕೆ ಕಾರಣವೂ ಇಲ್ಲ. ನನ್ನ ಬೇಡಿಕೆ ಒಂದೇ. ಮೊದಲೇ ಹೇಳಿ. "ಅಕ್ಕಾ, ಐದೂವರೆಯಿಂದ ಏಳರ ತನಕ ಅಳಿವೆ ಕಡೆ ಹೋಗಬೇಡಿ. ಹೋಗೋದಾದ್ರೆ ಉದ್ದ ಪ್ಯಾಂಟು ಹಾಕ್ಕೊಳ್ಳಿ, ಕಾಲಿಗೆ ಎಣ್ಣೆ ಸವರಿಕೊಳ್ಳಿ. ಬೇಕಿದ್ರೆ ಕಡಲ ದಂಡೆಗೆ ಹೋಗಿ, ಅಲ್ಲಿ ಗಾಳಿ ಇರ್ತದೆ." ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದರೆ ಜನ ಬರಲ್ಲ ಅನ್ನುವ ಹೆದರಿಕೆ ನಿಮಗೆ. ನಿಜ ಹೇಳಲಾ? ಹೇಳದೆ ಇದ್ದರೆ ಎರಡನೇ ಸಲ ಬರಲ್ಲ.

ಇರುವೆ ಕತೆಯೂ ಹಾಗೇ. ಮಾವಿನ ಮರಕ್ಕೆ ಕಟ್ಟಿದ್ದ ಜೋಲಿಯಲ್ಲಿ ಹುಡುಗ ಕೂತ, ಮೇಲಿಂದ ಚಗಳಿ ಇಳಿದವು, ಅವನು ಕಿರುಚಿಕೊಂಡು ಓಡಿದ. ಮನೆಯವರು ಗೂಡಿಗೆ ಬೆಂಕಿ ಇಡಲು ಹೊರಟರು. ನಾನೇ ತಡೆದೆ. ಎಲೆ ಹೊಲಿದು ಗೂಡು ಕಟ್ಟುವ ಆ ಕೆಂಪಿರುವೆ ಮಾವು, ಗೇರು ಮರದ ಕೀಟಗಳನ್ನು ತಿಂದು ಮರ ಕಾಯುತ್ತದೆ. ಜೋಲಿಯನ್ನು ತೆಂಗಿಗೆ ಕಟ್ಟಿದರಾಯಿತು. ಚಗಳಿ ಚಟ್ನಿಯ ರುಚಿ ಗೊತ್ತಿರುವವರಿಗೆ ಗೂಡು ಸುಡುವುದು ಇನ್ನೂ ದೊಡ್ಡ ಅಪರಾಧ.

ಇನ್ನೊಂದು ಹುಳದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಇದನ್ನು ನಿಮ್ಮಲ್ಲೂ ಎಷ್ಟೋ ಜನ ತಪ್ಪು ತಿಳಿದಿದ್ದೀರಿ.

ರಾತ್ರಿ ಜಗುಲಿಯಲ್ಲಿ ಊಟಕ್ಕೆ ಕೂತಿದ್ದೆವು. ತಲೆ ಮೇಲೆ ಕಣ್ಣು ಕುಕ್ಕುವ ಬಿಳಿ ಟ್ಯೂಬ್‌ಲೈಟು. ಎದುರಿಗೇ ಕೊಯ್ಲಿಗೆ ಬಂದ ಗದ್ದೆ. ಗದ್ದೆಯ ಹುಳವೆಲ್ಲಾ ಊಟಕ್ಕೆ ನಮ್ಮ ಜೊತೆಗೇ ಬಂದಿತ್ತು. ಅನ್ನದ ಮೇಲೆ ಹಸಿರು ಜಿಗಿಹುಳ, ಸಾರಿನಲ್ಲಿ ರೆಕ್ಕೆ. ಯಜಮಾನರ ಕುತ್ತಿಗೆ ಮೇಲೆ ಇರುವೆಯಂಥದ್ದೊಂದು ಹರಿಯಿತು. ಅಕ್ಕಿಕಾಳಿನಷ್ಟು ಉದ್ದ, ಕಿತ್ತಳೆ ಮೈಗೆ ಕಪ್ಪು ಪಟ್ಟೆ. ಅವರು ಪಟ್ ಅಂತ ಹೊಡೆದು ಉಜ್ಜಿದರು, ಊಟ ಮುಂದುವರಿಸಿದರು. ಮಾರನೇ ದಿನ ರಾತ್ರಿ ಹೊತ್ತಿಗೆ ಕುತ್ತಿಗೆಯಿಂದ ಕಿವಿ ತನಕ, ಚಾಟಿ ಬೀಸಿದ ಹಾಗೆ ಉದ್ದಕ್ಕೆ ಕೆಂಪು ಗೆರೆ, ಅದರ ಮೇಲೆ ಸಣ್ಣ ಬೊಕ್ಕೆಗಳು, ಕೆಂಡ ಇಟ್ಟ ಉರಿ. ಪಕ್ಕದ ಮನೆಯವರು ನೋಡಿ ಸರ್ಪಸುತ್ತು ಅಂದರು, ಕೆಮ್ಮಣ್ಣು ಕಲಸಿ ಹಚ್ಚಲು ಬಂದರು. ಅದು ಸರ್ಪಸುತ್ತು ಅಲ್ಲ. ಪೆಡೆರಸ್ ಅನ್ನುವ ಆ ಹುಳ ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಅದರ ಮೈಯೊಳಗಿನ ರಸ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಆದ್ದರಿಂದ ಕೂತರೆ ಹೊಡೆಯಬಾರದು, ಊದಿ ಹಾರಿಸಬೇಕು. ತಪ್ಪಿ ಉಜ್ಜಿಕೊಂಡರೆ ಕೂಡಲೇ ಸೋಪು ಹಾಕಿ ತೊಳೆಯಬೇಕು, ಆ ಕೈಯನ್ನು ಕಣ್ಣಿಗೆ ತಾಗಿಸಬಾರದು. ನಮ್ಮವರ ಕುತ್ತಿಗೆಯ ಕಪ್ಪು ಕಲೆ ಹೋಗಲು ತಿಂಗಳು ಹಿಡಿಯಿತು. ಇಷ್ಟೆಲ್ಲಾ ಆಗದೆ ಇರಲು ನೀವು ಮಾಡಬೇಕಿದ್ದದ್ದು ಏನು ಗೊತ್ತಾ? ಜಗುಲಿಗೆ ಬಿಳಿ ಬಲ್ಬಿನ ಬದಲು ಹಳದಿ ಬಲ್ಬು. ಹಳದಿ ಬೆಳಕಿಗೆ ಹುಳ ಕಮ್ಮಿ ಬರುತ್ತದೆ. ಬಿಳಿ ದೀಪ ಬೇಕೇ ಬೇಕು ಅಂದರೆ ಊಟದ ಜಾಗದಿಂದ ದೂರ, ಅಂಗಳದ ತುದಿಗೆ ಕಟ್ಟಿ.

ಈಗ ನೆಂಟರಿಗೂ ಒಂದು ಮಾತು, ಯಾಕೆಂದರೆ ಬುರುಡೆ ಎಸೆದವರು ನಾವೇ. ಎಳನೀರು ಕುಡಿದು ಗಂಜಿ ತಿನ್ನಲು ಎರಡು ಹೋಳು ಮಾಡಿಸುತ್ತೇವೆ. ಒಂದು ಬಟ್ಟಲು ಇದ್ದದ್ದು ಎರಡು ಬಟ್ಟಲಾಯಿತು ಅಷ್ಟೆ. ಬೋರಲು ಹಾಕಿ ಬನ್ನಿ, ಇಲ್ಲ ನಾಲ್ಕು ಹೋಳು ಮಾಡಿಸಿ. ಚಹಾದ ಕಪ್ಪು, ನೀರಿನ ಬಾಟಲಿಯ ಅರ್ಧ, ಬಿರಿಯಾನಿ ಡಬ್ಬಿ, ಇವೆಲ್ಲಾ ಈಡಿಸ್‌ಗೆ ಹೆರಿಗೆ ವಾರ್ಡು. ನಮ್ಮ ಕಡೆಯಿಂದ ಬರುವವರು ಮಕ್ಕಳಿಗೆ ಅರ್ಧ ಚಡ್ಡಿ ತುಂಬಿಕೊಂಡು ಬರುತ್ತಾರೆ, ಎರಡು ಜೊತೆ ಉದ್ದ ತೋಳಿನ ತೆಳು ಅಂಗಿಯನ್ನೂ ತನ್ನಿ. ಸೊಳ್ಳೆ ಕ್ರೀಮು ತಂದಿದ್ದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಕ್ರೀಮು. ಈಜಿ ಬಂದ ಮೇಲೆ ಮತ್ತೆ ಹಚ್ಚಬೇಕು, ನೀರಿಗೆ ತೊಳೆದು ಹೋಗಿರುತ್ತದೆ. ಚಿಕ್ಕ ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಇಟ್ಟುಕೊಳ್ಳುತ್ತವೆ. ಕೀ ಅಂತ ಕೂಗುವ ಮಷೀನು, ಮೊಬೈಲ್ ಆ್ಯಪು, ಕೈಗೆ ಕಟ್ಟುವ ಬಣ್ಣದ ಪಟ್ಟಿ, ಇವಕ್ಕೆಲ್ಲಾ ದುಡ್ಡು ಹಾಕಬೇಡಿ. ಅದರ ಬದಲು ಒಂದು ಟೇಬಲ್ ಫ್ಯಾನು ಮೇಲು. ಸೊಳ್ಳೆ ಹಾರುವುದರಲ್ಲಿ ಬಹಳ ಬಡಪಾಯಿ, ಫ್ಯಾನಿನ ಗಾಳಿಗೇ ಸೋಲುತ್ತದೆ. ಮನೆಯವರು ಸಂಜೆ ಲಕ್ಕಿ ಸೊಪ್ಪಿನ ಹೊಗೆ ಹಾಕಿದಾಗ ಸ್ವಲ್ಪ ಹೊತ್ತು ನೆಮ್ಮದಿ ಇತ್ತು, ಹೊಗೆ ಹೋದ ಮೇಲೆ ಮತ್ತೆ ಅದೇ ಕತೆ. ಕಡಲು ನೋಡಿ ವಾಪಸ್ ಹೋಗುವಾಗ ಡಿಸೆಂಬರ್ ಆದಮೇಲೆ ಮಲೆನಾಡಿನ ಕಾಡಿಗೆ ನುಗ್ಗುವವರು ಉಣುಗಿನ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. ಅದು ಹರಡುವ ಮಂಗನ ಕಾಯಿಲೆ ಹೊನ್ನಾವರ, ಸಿದ್ದಾಪುರದ ಕಡೆಯೂ ಬಂದಿದೆ.

ಈ ಪತ್ರ ಬರೆಯಲು ನಿಜವಾದ ಕಾರಣ ಈಗ ಹೇಳುತ್ತೇನೆ. ಊರಿಗೆ ಮರಳಿದ ಆರನೇ ದಿನ ತಂಗಿಯ ಮಗನಿಗೆ ಜ್ವರ ಬಂತು. ನೂರಾಮೂರು ಡಿಗ್ರಿ. ಕಣ್ಣಿನ ಹಿಂದೆ ನೋವು, ಮೈಕೈ ಮುರಿತ. ಅವರ ಮನೆ ಹುಬ್ಬಳ್ಳಿಯಲ್ಲಿ. ಫೋನಿನಲ್ಲೇ ಹೇಳಿದೆ, ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡ, ಎನ್‌ಎಸ್1 ಅನ್ನುವ ಡೆಂಗಿ ರಕ್ತಪರೀಕ್ಷೆ ಮಾಡಿಸು. ಡೆಂಗಿ ಪಾಸಿಟಿವ್. ಐದು ದಿನ ಆಸ್ಪತ್ರೆಯಲ್ಲಿದ್ದ, ಈಗ ಹುಷಾರಾಗಿ ಶಾಲೆಗೆ ಹೋಗುತ್ತಿದ್ದಾನೆ. ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನದೊಳಗೆ ಡೆಂಗಿ ಜ್ವರ ಬರುತ್ತದೆ. ಆ ಲೆಕ್ಕಕ್ಕೆ ನಿಮ್ಮ ಹಿತ್ತಿಲೂ ಸೇರುತ್ತದೆ, ಅವನ ಹುಬ್ಬಳ್ಳಿಯ ಓಣಿಯೂ ಸೇರುತ್ತದೆ. ಅಲ್ಲೇ ಕಚ್ಚಿದ್ದು ಅಂತ ನಾನು ಆಣೆ ಮಾಡಲಾರೆ. ಆದರೆ ಆಮೇಲೆ ನಡೆದದ್ದು ಕೇಳಿ. ಆಸ್ಪತ್ರೆಯಿಂದ ವರದಿ ಹೋಯಿತು, ಹುಬ್ಬಳ್ಳಿಯ ಲೆಕ್ಕಕ್ಕೆ ಒಂದು ಕೇಸ್ ಸೇರಿತು. ಆಶಾ ಕಾರ್ಯಕರ್ತೆ ಅವನ ಓಣಿಗೆ ಬಂದು ಮನೆ ಮನೆಯ ಡ್ರಮ್ಮಿಗೆ ಇಣುಕಿದರು. ನಿಮ್ಮ ಬಾವಿಕಟ್ಟೆಗೆ ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ಹುಡುಗ ಎಲ್ಲಿಗೆ ಹೋಗಿದ್ದ ಅಂತ ಆ ಕಾಗದದಲ್ಲಿ ಯಾರೂ ಬರೆದಿರಲಿಲ್ಲ.

ಪ್ರವಾಸದ ಊರಿಗೆ ಇದೊಂದು ವಿಚಿತ್ರ ಅನುಕೂಲ. ನಿಮ್ಮಲ್ಲಿ ಕಚ್ಚಿದ್ದು ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ, ದಾವಣಗೆರೆಯಲ್ಲಿ ಜ್ವರವಾಗುತ್ತದೆ. ನಿಮ್ಮ ಊರಿನ ಪಟ್ಟಿ ಸ್ವಚ್ಛವಾಗೇ ಇರುತ್ತದೆ. ಹಾಗಂತ ನೆಮ್ಮದಿಯಾಗಿ ಇರಬೇಡಿ. ಉಲ್ಟಾ ಕೂಡ ಆಗುತ್ತದೆ. ಮೈಯಲ್ಲಿ ಡೆಂಗಿ ಇಟ್ಟುಕೊಂಡು ಬಂದ ಒಬ್ಬ ನೆಂಟನನ್ನು ನಿಮ್ಮ ಬುರುಡೆಯ ಸೊಳ್ಳೆ ಕಚ್ಚಿದರೆ, ಎಂಟು ಹತ್ತು ದಿನ ಬಿಟ್ಟು ಆ ಸೊಳ್ಳೆ ಕಚ್ಚುವವರಿಗೆಲ್ಲಾ ರೋಗ ಹಚ್ಚಬಲ್ಲದು. ಅಷ್ಟು ಹೊತ್ತಿಗೆ ಆ ನೆಂಟ ಮನೆ ಸೇರಿರುತ್ತಾನೆ. ಹಿತ್ತಿಲಲ್ಲಿ ಆಡುತ್ತಿರುವುದು ನಿಮ್ಮ ಮಕ್ಕಳು.

ಪಂಚಾಯಿತಿಯವರೇ, ಮೂರನೇ ಸಂಜೆ ನಿಮ್ಮ ಫಾಗಿಂಗ್ ಗಾಡಿ ರಸ್ತೆಯಲ್ಲಿ ಹೋಯಿತು. ಮಕ್ಕಳು ಹೊಗೆ ಹಿಂದೆ ಓಡಿದರು, ಪ್ರವಾಸಿಗರು ವಿಡಿಯೊ ಮಾಡಿದರು. ಹಬ್ಬದ ರಜೆ ಅಂತ ಕಾಳಜಿ ಮಾಡಿದ್ದೀರಿ, ಸಂತೋಷ. ಆದರೆ ಆ ಹೊಗೆ ತಾಗಿದ, ಹಾರುತ್ತಿರುವ ಸೊಳ್ಳೆ ಮಾತ್ರ ಸಾಯುತ್ತದೆ. ಮಂಚದ ಕೆಳಗೆ, ಬಟ್ಟೆ ಹಿಂದೆ ಕೂತ ಈಡಿಸ್‌ಗೆ ಅದು ತಲುಪಲ್ಲ. ನೀರಿನೊಳಗಿನ ಹುಳಕ್ಕಂತೂ ಏನೂ ಆಗಲ್ಲ. ಮಾರನೇ ಬೆಳಿಗ್ಗೆ ನಾನು ಅದೇ ಬುರುಡೆ ನೋಡಿದೆ. ಎಲ್ಲಾ ಜೋತುಬಿದ್ದು ಆರಾಮಾಗಿದ್ದವು. ಆ ಡೀಸೆಲ್ಲಿನ ದುಡ್ಡಿನಲ್ಲಿ ವಾರಕ್ಕೊಮ್ಮೆ ಒಂದು ಟ್ರ್ಯಾಕ್ಟರ್ ಕಳಿಸಿ ದಂಡೆಯ ಬುರುಡೆ, ಟೈರು ತುಂಬಿಸಿಕೊಂಡು ಹೋಗಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಂತಿರುತ್ತದಲ್ಲ, ಆಗ ಮೇಲೆ ಎಳೆದಿಟ್ಟ ದೋಣಿಯೊಳಗೆ, ಮುಚ್ಚಿದ ತಾಡಪಾಲಿನ ಮಡಿಕೆಯಲ್ಲಿ, ಬದಿಗೆ ಕಟ್ಟಿದ ಟೈರಿನಲ್ಲಿ ಎಷ್ಟು ನೀರು ನಿಂತಿರುತ್ತದೆ ಅಂತ ಒಮ್ಮೆ ನೋಡಿ ಬನ್ನಿ. ಟೈರಿನ ಅಡಿಗೆ ಎರಡು ತೂತು ಕೊರೆದರೆ ನೀರು ನಿಲ್ಲಲ್ಲ, ದೋಣಿಗೂ ನಷ್ಟವಿಲ್ಲ. ಬಳಸದ ಬಾವಿಗೆ ಸೊಳ್ಳೆ ಹುಳ ತಿನ್ನುವ ಗಪ್ಪಿ ಮೀನು ಬಿಡಿ. ಆರೋಗ್ಯ ಇಲಾಖೆಯವರನ್ನು ಕೇಳಿದರೆ ಮೀನು ಸಿಗುತ್ತದೆ.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿ ದಂಡವನ್ನೂ ಗೊತ್ತು ಮಾಡಿತು. ಸೊಳ್ಳೆ ಹುಟ್ಟಲು ಬಿಟ್ಟರೆ ಹಳ್ಳಿಯ ಮನೆಗೆ 200 ರೂಪಾಯಿ, ಹೋಟೆಲ್, ರೆಸಾರ್ಟಿನಂಥ ವ್ಯಾಪಾರಕ್ಕೆ ಹಳ್ಳಿಯಲ್ಲಿ 500, ನಗರದಲ್ಲಿ 1,000. ನನಗೆ ಈ ದಂಡದ ಮೇಲೆ ಜಾಸ್ತಿ ನಂಬಿಕೆ ಇಲ್ಲ. ಒಂದು ಕೋಣೆಯ ಒಂದು ರಾತ್ರಿ ಬಾಡಿಗೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ನನಗೆ ನಂಬಿಕೆ ಇರುವುದು ಶುಕ್ರವಾರದ ಮೇಲೆ. ಶುಕ್ರವಾರವೇ ಆಗಬೇಕಿಲ್ಲ, ವಾರಕ್ಕೊಂದು ದಿನ. ಏಳು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಹುಳಕ್ಕೆ ರೆಕ್ಕೆ ಬರುವಷ್ಟು ಸಮಯ ಸಿಗುವುದಿಲ್ಲ. ಬುರುಡೆ ಬೋರಲು, ಬಕೆಟ್ ಬೋರಲು, ಅಡಿಕೆ ಹಾಳೆ ಬೋರಲು, ಹೂಕುಂಡದ ತಟ್ಟೆ ಖಾಲಿ, ಫ್ರಿಜ್ ಹಿಂದಿನ ಟ್ರೇ ಖಾಲಿ, ಎಸಿ ನೀರು ತೊಟ್ಟಿಕ್ಕುವ ಡಬ್ಬ ಖಾಲಿ. ಟ್ಯಾಂಕಿಗೆ ಗಟ್ಟಿ ಮುಚ್ಚಳ. ಡ್ರಮ್ಮಿನ ನೀರು ಸುಮ್ಮನೆ ಚೆಲ್ಲಿದರೆ ಸಾಲದು, ತೆಂಗಿನ ನಾರು ಹಿಡಿದು ಒಳಗೋಡೆ ಉಜ್ಜಬೇಕು. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ನೀರಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ, ನೀರು ತುಂಬಿದ ಮೇಲೆ ಒಡೆಯುತ್ತದೆ. ಇಷ್ಟಕ್ಕೆಲ್ಲಾ ಇಬ್ಬರಿಗೆ ಒಂದು ಗಂಟೆ ಸಾಕು. ಆಮೇಲೆ ಪ್ರತಿ ಮಂಚಕ್ಕೆ ನಾಲ್ಕು ಕೊಕ್ಕೆ, ಒಂದು ಪರದೆ. ಹರಿದ ಜಾಲರಿಗೆ ಹೊಲಿಗೆ. ಕರೆಂಟ್ ಹೋದರೂ ತಿರುಗುವ ಒಂದು ಫ್ಯಾನು. ಬಾಡಿಗೆ ನೂರು ರೂಪಾಯಿ ಜಾಸ್ತಿ ಮಾಡಿ, ಕೊಡುತ್ತೇವೆ.

ಆ ಹುಡುಗನ ಜ್ವರದ ಸುದ್ದಿಯನ್ನು ಮನೆಯೊಡತಿಗೆ ಫೋನ್ ಮಾಡಿ ಹೇಳಿದ್ದೆ, ದೂರು ಅಂತಲ್ಲ, ಅವರ ಮನೆಯಲ್ಲೂ ಎರಡು ಮಕ್ಕಳಿವೆ ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ "ಪಾಪ, ಪೋರ ಈಗ ಉಣ್ತನ?" ಅಂತ ಕೇಳಿದರು. ಮೊನ್ನೆ ವಾಟ್ಸ್ಯಾಪಿನಲ್ಲಿ ಒಂದು ಫೋಟೊ ಕಳಿಸಿದ್ದಾರೆ. ಬಾವಿಕಟ್ಟೆ ಪಕ್ಕ ಬುರುಡೆಯ ರಾಶಿ ಇಲ್ಲ. ಟೈರು ಇಲ್ಲ. ಗಾಳಿ ಪೈಪಿನ ಬಾಯಿಗೆ ಹಳೇ ಸೀರೆಯ ತುಂಡು, ಹೂವಿನ ಚಿತ್ತಾರ ಕೂಡ ಕಾಣುತ್ತದೆ. ಮೂಲೆಯಲ್ಲಿ ಒಂದು ನೀಲಿ ಬಕೆಟ್ ಮಾತ್ರ ಅಂಗಾತ ಇತ್ತು. ಫೋಟೊವನ್ನು ದೊಡ್ಡದು ಮಾಡಿ, ಆ ಬಕೆಟ್ಟಿಗೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಮಾರ್ಚ್‌ನಲ್ಲಿ ಎರಡು ರಾತ್ರಿಗೆ ಅದೇ ಮನೆ ಹೇಳಿದ್ದೇನೆ.

ಇತಿ,
ಹಾವೇರಿ ಕಡೆಯ ಒಬ್ಬ ಲ್ಯಾಬ್ ಟೆಕ್ನಿಷಿಯನ್